ಪಿಸಿಓಎಸ್: ಒಬ್ಬೊಬ್ಬ ಡಾಕ್ಟರದೂ ಒಂದೊಂದು ಚಿಕಿತ್ಸೆ ಯಾಕೆ, ಆರಿಸಿಕೊಳ್ಳುವುದು ಹೇಗೆ?

ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ, ಮೊಡವೆ, ಮುಖದ ಕೂದಲು ಬರುವ ತೊಂದರೆ) ಬಗ್ಗೆ ಇತ್ತೀಚೆಗೆ ಬರುತ್ತಿರುವ ಸುದ್ದಿಗಳನ್ನೆಲ್ಲ ಒಟ್ಟಿಗೆ ಓದಿದರೆ ತಲೆ ಕೆಡುವುದು ಖಂಡಿತ. ತೂಕ ಇಳಿಸುವ ಇಂಜೆಕ್ಷನ್ ತಗೊಂಡವರಿಗೆ ನಿಂತಿದ್ದ ಮುಟ್ಟು ಮರಳಿ ಬಂತು ಅಂತ ಒಂದು ಸುದ್ದಿ. ಈ ಕಾಯಿಲೆಯ ಹೆಸರೇ ತಪ್ಪು, ಅದನ್ನು ಬದಲಾಯಿಸಬೇಕು ಅಂತ ಇನ್ನೊಂದು. ಸ್ಕ್ಯಾನಿಂಗ್ ಬೇಕಾಗಿಲ್ಲ, ರಕ್ತಪರೀಕ್ಷೆ ಸಾಕು ಅಂತ ಮತ್ತೊಂದು. ಇದರ ನಡುವೆ, ಗರ್ಭನಿರೋಧಕ ಮಾತ್ರೆ ಬರೀ ಕಣ್ಣೊರೆಸುವ ಚಿಕಿತ್ಸೆ, ಅದನ್ನು ಮುಟ್ಟಲೇಬೇಡಿ ಅನ್ನುವ ವಿಡಿಯೋಗಳು ಬೇರೆ.

ಹೊಸದಾಗಿ ಪಿಸಿಓಎಸ್ ಅಂತ ಗೊತ್ತಾದವರ ಪಾಡು ಇನ್ನೂ ಕಷ್ಟ. ಅದೇ ವರದಿ ಹಿಡಿದು ಮೂವರು ಡಾಕ್ಟರ ಬಳಿ ಹೋದರೆ ಒಬ್ಬರು ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಬರೆಯುತ್ತಾರೆ, ಇನ್ನೊಬ್ಬರು ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೊಡುತ್ತಾರೆ, ಮೂರನೆಯವರು ತೂಕ ಇಳಿಸಿಕೊಂಡು ಬನ್ನಿ ಅಂತ ಕಳಿಸುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಆದರೆ ಬಹಳ ಸಲ ಮೂವರೂ ತಪ್ಪು ಹೇಳಿರುವುದಿಲ್ಲ. ಒಬ್ಬರು ಮುಟ್ಟಿನ ಬಗ್ಗೆ ಉತ್ತರ ಕೊಟ್ಟಿರುತ್ತಾರೆ, ಇನ್ನೊಬ್ಬರು ಸಕ್ಕರೆಯ ಬಗ್ಗೆ, ಮತ್ತೊಬ್ಬರು ಮುಂದಿನ ಹತ್ತು ವರ್ಷದ ಬಗ್ಗೆ. ಯಾವ ಪ್ರಶ್ನೆಗೆ ಉತ್ತರ ಕೊಟ್ಟೆವು ಅನ್ನುವುದನ್ನು ಮಾತ್ರ ಬಿಡಿಸಿ ಹೇಳಿರುವುದಿಲ್ಲ. ಗೊಂದಲದ ಬೇರು ಇರುವುದು ಅಲ್ಲೇ.

ಹೆಸರಿನಲ್ಲೇ ಎಡವಟ್ಟು

1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ಇಬ್ಬರು ವೈದ್ಯರು ಏಳು ಮಹಿಳೆಯರ ಬಗ್ಗೆ ಒಂದು ವರದಿ ಪ್ರಕಟಿಸಿದರು. ಆ ಮಹಿಳೆಯರ ಮುಟ್ಟು ಏರುಪೇರಾಗಿತ್ತು ಅಥವಾ ನಿಂತೇ ಹೋಗಿತ್ತು. ಅಂಡಾಶಯಗಳು ದಪ್ಪಗಾಗಿದ್ದವು, ಅವುಗಳ ತುಂಬ ಸಣ್ಣ ಸಣ್ಣ ಗುಳ್ಳೆಗಳಿದ್ದವು. ವೈದ್ಯರು ಅಂಡಾಶಯದ ಒಂದು ತುಂಡನ್ನು ಕತ್ತರಿಸಿ ತೆಗೆದರು, ಮುಟ್ಟು ಮರಳಿ ಬಂತು. ಅಂದರೆ ಗುಳ್ಳೆಯೇ ಕಾಯಿಲೆ, ಅದನ್ನು ತೆಗೆಯುವುದೇ ಚಿಕಿತ್ಸೆ ಅನ್ನುವ ತಿಳಿವಳಿಕೆ ಹೀಗೆ ಬೇರೂರಿತು. ‘ಪಾಲಿಸಿಸ್ಟಿಕ್’ (ಹಲವು ಸಿಸ್ಟ್, ಅಂದರೆ ನೀರುಗುಳ್ಳೆಗಳಿರುವ) ಅನ್ನುವ ಹೆಸರಿನಲ್ಲಿ ಅದು ಇವತ್ತಿಗೂ ಉಳಿದಿದೆ.

ವಿಷಯ ಏನೆಂದರೆ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಆ ಗುಳ್ಳೆಗಳು ನಿಜವಾದ ಸಿಸ್ಟ್‌ಗಳೇ ಅಲ್ಲ. ಅವು ಅಂಡಾಣುವನ್ನು ಹೊತ್ತ ಕೋಶಗಳು, ಅಂದರೆ ಫಾಲಿಕಲ್‌ಗಳು. ಪ್ರತಿ ತಿಂಗಳು ಕೆಲವು ಫಾಲಿಕಲ್‌ಗಳು ಬೆಳೆಯಲು ಶುರುಮಾಡಿ, ಅವುಗಳಲ್ಲಿ ಒಂದು ದೊಡ್ಡದಾಗಿ ಒಡೆದು ಅಂಡಾಣು ಹೊರಬರಬೇಕು. ಪಿಸಿಓಎಸ್‌ನಲ್ಲಿ ಅವು ಅರ್ಧದಾರಿಯಲ್ಲೇ ನಿಂತುಬಿಡುತ್ತವೆ. ಬಹುಮಟ್ಟಿಗೆ 2ರಿಂದ 9 ಮಿಲಿಮೀಟರ್ ಗಾತ್ರದಲ್ಲಿ ಉಳಿದ ಇವೇ ಸ್ಕ್ರೀನ್ ಮೇಲೆ ಕಪ್ಪು ಚುಕ್ಕೆಗಳ ಸಾಲಾಗಿ ಕಾಣುವುದು. ಇವು ಒಡೆದು ಅಪಾಯ ಮಾಡುವ ಗಡ್ಡೆಗಳಲ್ಲ. ಆಪರೇಷನ್ ಮಾಡಿ ತೆಗೆಯಬೇಕಾದವೂ ಅಲ್ಲ. ‘ನನ್ನ ಓವರಿಯಲ್ಲಿ ಗಡ್ಡೆಗಳಿವೆಯಂತೆ’ ಅಂತ ನಿದ್ದೆಗೆಡುವವರಿಗೆ ಇಷ್ಟು ಬಿಡಿಸಿ ಹೇಳಿದರೂ ಅರ್ಧ ಭಯ ಕಳೆಯುತ್ತದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2012ರಲ್ಲಿ ಕರೆದಿದ್ದ ತಜ್ಞರ ಸಮಿತಿ, ಈ ಹೆಸರು ದಾರಿ ತಪ್ಪಿಸುತ್ತದೆ, ಬದಲಾಯಿಸಿ ಅಂತ ಹೇಳಿತ್ತು. ಹೆಸರು ಬದಲಾಯಿಸಬೇಕು ಅನ್ನುವವರ ವಾದ ಸರಳ: ಇದು ಅಂಡಾಶಯದ ಕಾಯಿಲೆ ಅಂದುಕೊಂಡ ಕ್ಷಣ ಸಕ್ಕರೆ, ರಕ್ತದೊತ್ತಡ, ಮನಸ್ಸು ಎಲ್ಲವೂ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಬೇಡ ಅನ್ನುವವರು, ಎಷ್ಟೋ ವರ್ಷಗಳ ನಂತರ ಜನರ ಬಾಯಲ್ಲಿ ಈಗಷ್ಟೇ ಕೂತಿರುವ ಹೆಸರನ್ನು ತೆಗೆದರೆ ಜಾಗೃತಿಯ ಕೆಲಸ ಮತ್ತೆ ಮೊದಲಿನಿಂದ ಶುರುವಾಗಬೇಕು ಅನ್ನುತ್ತಾರೆ. ಎರಡರಲ್ಲೂ ಹುರುಳಿದೆ. ಅಂದಹಾಗೆ, ಪಿಸಿಓಡಿ ಸೌಮ್ಯ, ಪಿಸಿಓಎಸ್ ಗಂಭೀರ ಅಂತ ಹೇಳಿಕೊಂಡು ಬರುವುದಿದೆಯಲ್ಲ, ಅಂಥ ವಿಂಗಡಣೆ ಪಿಸಿಓಎಸ್ ಚಿಕಿತ್ಸೆಗೆಂದು ತಜ್ಞರು ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇಲ್ಲ.

ಮೂರರಲ್ಲಿ ಎರಡು ಇದ್ದರೆ ಸಾಕು

ಚಿಕಿತ್ಸೆ ಆರಿಸುವ ಮುಂಚೆ, ಇದು ಪಿಸಿಓಎಸ್ ಅಂತ ತೀರ್ಮಾನಿಸಿದ್ದು ಯಾವ ಆಧಾರದ ಮೇಲೆ ಅಂತ ಕೇಳಲೇಬೇಕು. 2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಹಾಕಿಕೊಟ್ಟ ಸೂತ್ರವೇ ಇವತ್ತಿಗೂ ತಳಹದಿ. ಒಂದು, ಮುಟ್ಟು ಏರುಪೇರಾಗಿರಬೇಕು, ಅಂದರೆ ಅಂಡಾಣು ಬಿಡುಗಡೆ ಸರಿಯಾಗಿ ಆಗುತ್ತಿರಬಾರದು. ಎರಡು, ಗಂಡು ಹಾರ್ಮೋನು ಅಂತ ನಾವು ಕರೆಯುವ ಆಂಡ್ರೋಜನ್ ಜಾಸ್ತಿ ಇರಬೇಕು. ಅದು ರಕ್ತದಲ್ಲಿ ಸಿಗಬಹುದು, ಇಲ್ಲವೇ ಗಲ್ಲ, ಎದೆ, ಹೊಟ್ಟೆಯ ಮೇಲಿನ ಒರಟು ಕೂದಲಾಗಿ ಕಾಣಬಹುದು. ಮೂರು, ಸ್ಕ್ಯಾನಿಂಗ್‌ನಲ್ಲಿ ಫಾಲಿಕಲ್‌ಗಳು ತುಂಬಿದ ಅಂಡಾಶಯ ಕಾಣಬೇಕು. ಈ ಮೂರರಲ್ಲಿ ಎರಡಿದ್ದರೆ ಪಿಸಿಓಎಸ್.

ಇದರಿಂದ ಏನಾಗುತ್ತದೆ ನೋಡಿ. ಸ್ಕ್ಯಾನಿಂಗ್‌ನಲ್ಲಿ ಅಂಥ ಅಂಡಾಶಯ ಕಂಡರೆ, ಮುಟ್ಟು ಸರಿಯಾಗಿದ್ದು ಮುಖದ ಮೇಲೆ ಕೂದಲಿರುವವರಿಗೂ ಇದೇ ಹೆಸರು. ಕೂದಲು, ಮೊಡವೆ ಏನೂ ಇಲ್ಲದೆ ವರ್ಷಕ್ಕೆ ನಾಲ್ಕೇ ಸಲ ಮುಟ್ಟಾಗುವವರಿಗೂ ಇದೇ ಹೆಸರು. ತೆಳ್ಳಗಿರುವವರಿಗೂ, ತೂಕ ಜಾಸ್ತಿ ಇರುವವರಿಗೂ ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಮಕ್ಕಳಾಗುವ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 10ರಿಂದ 13 ಮಂದಿಗೆ ಪಿಸಿಓಎಸ್ ಇದೆ. ಇಷ್ಟು ದೊಡ್ಡ, ಇಷ್ಟು ಬಗೆಬಗೆಯ ಗುಂಪಿಗೆ ಒಂದೇ ಮದ್ದು ಇರಲು ಸಾಧ್ಯವೇ ಇಲ್ಲ. ಹಾಗಾಗಿ ಗೆಳತಿಗೆ ಒಗ್ಗಿದ ಮಾತ್ರೆ ನಿಮಗೂ ಒಗ್ಗಬೇಕು ಅಂತೇನಿಲ್ಲ.

ಅಳತೆಗೋಲು ಕೂಡ ನಡುವೆ ಬದಲಾಗಿದೆ. 2003ರಲ್ಲಿ ಒಂದು ಅಂಡಾಶಯದಲ್ಲಿ 12 ಫಾಲಿಕಲ್ ಕಂಡರೆ ಸಾಕಿತ್ತು. ಸ್ಕ್ಯಾನಿಂಗ್ ಯಂತ್ರಗಳು ಸುಧಾರಿಸಿ ಮೊದಲು ಕಾಣದ ಚುಕ್ಕೆಗಳೂ ಕಾಣತೊಡಗಿದ ಮೇಲೆ, ಆರೋಗ್ಯವಾಗಿರುವ ಎಷ್ಟೋ ಯುವತಿಯರೂ ಆ ಲೆಕ್ಕಕ್ಕೆ ಸೇರುವಂತಾಯಿತು. ಅದಕ್ಕೆ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೊಸ ಯಂತ್ರಗಳಿಗೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2023ರಲ್ಲಿ ಬಂದ ಪರಿಷ್ಕೃತ ಮಾರ್ಗಸೂಚಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಯಸ್ಕರಲ್ಲಿ ಸ್ಕ್ಯಾನಿಂಗ್ ಬದಲು, ಫಾಲಿಕಲ್‌ಗಳಿಂದ ಬರುವ ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಯನ್ನೂ ಬಳಸಬಹುದು ಅಂದಿತು. ‘ಸ್ಕ್ಯಾನಿಂಗ್ ಬೇಡ’ ಅನ್ನುವ ಸುದ್ದಿ ಹುಟ್ಟಿದ್ದು ಇಲ್ಲಿಂದ. ಆದರೆ ಎಎಂಎಚ್ ಒಂದನ್ನೇ ಹಿಡಿದು ಪಿಸಿಓಎಸ್ ಅನ್ನುವಂತಿಲ್ಲ. ಅದು ಮೂರನೇ ಅಂಶದ ಜಾಗಕ್ಕೆ ಬರುತ್ತದೆ, ಅಷ್ಟೇ.

ಹದಿಹರೆಯದವರ ವಿಷಯ ಪೂರ್ತಿ ಬೇರೆ. ಮೊದಲ ಮುಟ್ಟಾಗಿ ಎಂಟು ವರ್ಷದವರೆಗೆ ಅಂಡಾಶಯದಲ್ಲಿ ಗುಳ್ಳೆಗಳು ಜಾಸ್ತಿ ಕಾಣುವುದು ಸಹಜ. ಹಾಗಾಗಿ ಆ ವಯಸ್ಸಿನಲ್ಲಿ ಸ್ಕ್ಯಾನಿಂಗ್ ಆಗಲಿ ಎಎಂಎಚ್ ಆಗಲಿ ಲೆಕ್ಕಕ್ಕಿಲ್ಲ. ಮುಟ್ಟಿನ ತೊಂದರೆ ಮತ್ತು ಆಂಡ್ರೋಜನ್ ಎರಡೂ ಇರಲೇಬೇಕು. ಹದಿನಾರರ ಹುಡುಗಿಗೆ ಬರೀ ಸ್ಕ್ಯಾನಿಂಗ್ ನೋಡಿ ಪಿಸಿಓಎಸ್ ಅಂತ ಹಣೆಪಟ್ಟಿ ಹಚ್ಚಿದ್ದರೆ, ಅದನ್ನು ಇನ್ನೊಮ್ಮೆ ಪ್ರಶ್ನಿಸುವುದರಲ್ಲಿ ತಪ್ಪೇನೂ ಇಲ್ಲ.

ಥೈರಾಯ್ಡ್ ತೊಂದರೆ, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಏರುವುದು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ತೊಂದರೆ, ಇವು ಕೂಡ ಇಂಥದೇ ಲಕ್ಷಣ ತೋರಿಸುತ್ತವೆ. ಇವನ್ನು ಪರೀಕ್ಷಿಸಿ ಬದಿಗೆ ಸರಿಸಿದ ಮೇಲೆಯೇ ಪಿಸಿಓಎಸ್ ಗಟ್ಟಿಯಾಗುವುದು. ಕೆಲವೇ ತಿಂಗಳಲ್ಲಿ ಮುಖದ ಕೂದಲು ಏಕಾಏಕಿ ಹೆಚ್ಚಿ ಧ್ವನಿಯೂ ಗಡಸಾದರೆ ಅದು ಪಿಸಿಓಎಸ್‌ನ ನಡೆಯಲ್ಲ, ತಡಮಾಡದೆ ತೋರಿಸಬೇಕು.

ಒಳಗೆ ಸುತ್ತುವ ಚಕ್ರ

ಪಿಸಿಓಎಸ್ ಇರುವ ಬಹಳಷ್ಟು ಮಹಿಳೆಯರಲ್ಲಿ ದೇಹ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಸ್ನಾಯು ಕೇಳದಿದ್ದರೂ ಅಂಡಾಶಯ ಕೇಳುತ್ತದೆ! ಜಾಸ್ತಿ ಇನ್ಸುಲಿನ್ ಸಿಕ್ಕ ಅಂಡಾಶಯ ಜಾಸ್ತಿ ಆಂಡ್ರೋಜನ್ ತಯಾರಿಸುತ್ತದೆ. ಇತ್ತ ಲಿವರ್, ರಕ್ತದಲ್ಲಿ ಓಡಾಡುವ ಟೆಸ್ಟೋಸ್ಟಿರೋನ್ ಎಂಬ ಆಂಡ್ರೋಜನ್ನನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಬಿಡಿಯಾಗಿ ತಿರುಗಾಡುವ ಹಾರ್ಮೋನು ಇನ್ನೂ ಹೆಚ್ಚುತ್ತದೆ. ಅದು ಚರ್ಮಕ್ಕೆ ಹೋಗಿ ಮೊಡವೆ, ಮುಖಕ್ಕೆ ಹೋಗಿ ಕೂದಲು, ನೆತ್ತಿಗೆ ಹೋಗಿ ಕೂದಲುದುರುವಿಕೆ. ಅಂಡಾಶಯದೊಳಗೆ ಅದೇ ಹಾರ್ಮೋನು ಫಾಲಿಕಲ್‌ಗಳ ಬೆಳವಣಿಗೆಯನ್ನು ನಡುದಾರಿಯಲ್ಲಿ ನಿಲ್ಲಿಸಲು ಕಾರಣವಾಗುತ್ತದೆ. ಅಂಡಾಣು ಬರಲಿಲ್ಲ ಅಂದರೆ ಮುಟ್ಟೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಮೆದುಳಿನಿಂದ ಬರುವ ಎಲ್‌ಎಚ್ ಎಂಬ ಹಾರ್ಮೋನು ಹಲವರಲ್ಲಿ ಹೆಚ್ಚಿದ್ದು ಇದಕ್ಕೆ ಇನ್ನಷ್ಟು ಒತ್ತು ಕೊಡುತ್ತದೆ. ವಂಶವಾಹಿಯ ಪಾಲೂ ದೊಡ್ಡದು. ತೂಕ ಹೆಚ್ಚಿದರೆ ಇನ್ಸುಲಿನ್ ತೊಂದರೆ ಹೆಚ್ಚುತ್ತದೆ ನಿಜ, ಆದರೆ ತೆಳ್ಳಗಿರುವವರಲ್ಲೂ ಅದು ಇರಬಹುದು.

ಈ ಚಕ್ರ ಗೊತ್ತಾದರೆ ಚಿಕಿತ್ಸೆಗಳ ಜಗಳ ತನ್ನಿಂದ ತಾನೇ ಅರ್ಥವಾಗುತ್ತದೆ. ಪ್ರತಿಯೊಂದು ಮದ್ದೂ ಚಕ್ರದ ಒಂದೊಂದು ಜಾಗಕ್ಕೆ ಕೈಹಾಕುತ್ತದೆ. ಚಕ್ರವನ್ನೇ ಬುಡಸಮೇತ ಕಿತ್ತೆಸೆಯುವ ಮದ್ದು ಇನ್ನೂ ಬಂದಿಲ್ಲ. ಯಾರಾದರೂ ‘ಬೇರು ಸಮೇತ ಗುಣ’ ಅಂತ ಮಾರುತ್ತಿದ್ದರೆ ಅಲ್ಲಿಂದ ಎದ್ದುಬನ್ನಿ.

ಮಾತ್ರೆ ಮುಚ್ಚಿಡುತ್ತದೆಯೇ?

ಅತಿ ಹೆಚ್ಚು ಬೈಗುಳ ತಿನ್ನುವುದು ಗರ್ಭನಿರೋಧಕ ಮಾತ್ರೆಯೇ. ಮದುವೆಯಾಗದ ಹುಡುಗಿಗೆ ಇದನ್ನು ಯಾಕೆ ಬರೆದರು ಅಂತ ಮನೆಯವರಿಗೆ ಮುಜುಗರ ಬೇರೆ. ಇಲ್ಲಿ ಅದನ್ನು ಕೊಡುವುದು ಗರ್ಭ ತಡೆಯಲಿಕ್ಕೆ ಅಂತಲ್ಲ. ಮಾತ್ರೆಯಲ್ಲಿರುವ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು, ಲಿವರ್‌ನಲ್ಲಿ ಆ ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಬಿಡಿ ಟೆಸ್ಟೋಸ್ಟಿರೋನ್ ಇಳಿಯುತ್ತದೆ. ಮೊಡವೆ, ಕೂದಲು ನಿಧಾನಕ್ಕೆ ತಗ್ಗುತ್ತವೆ. ಅದರಲ್ಲಿರುವ ಪ್ರೊಜೆಸ್ಟೋಜನ್ ಎಂಬ ಇನ್ನೊಂದು ಹಾರ್ಮೋನು ಗರ್ಭಕೋಶದ ಒಳಪದರ ದಪ್ಪಗಾಗದಂತೆ ಕಾಯುತ್ತದೆ.

ವಿರೋಧಿಗಳು ಹೇಳುವುದರಲ್ಲೂ ಒಂದು ನಿಜವಿದೆ. ಮಾತ್ರೆ ತಗೊಂಡಾಗ ತಿಂಗಳಿಗೊಮ್ಮೆ ಆಗುವ ರಕ್ತಸ್ರಾವ ಅಂಡಾಣು ಬಿಡುಗಡೆಯಾಗಿ ಬಂದ ಮುಟ್ಟಲ್ಲ, ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಆಗುವ ಸ್ರಾವ ಅದು. ಮಾತ್ರೆ ಬಿಟ್ಟರೆ ಹಳೆಯ ತೊಂದರೆ ಮರಳಬಹುದು. ಆದರೆ ಹಾಗೆ ನೋಡಿದರೆ ಕನ್ನಡಕವೂ ತೆಗೆದ ಕೂಡಲೇ ಕಣ್ಣು ಮಂಜಾಗುತ್ತದೆ, ಅದಕ್ಕೆ ಕನ್ನಡಕ ಮೋಸ ಅನ್ನುತ್ತೇವೆಯೇ? ಮುಚ್ಚಿಡುವುದು ಮತ್ತು ಹತೋಟಿಯಲ್ಲಿಡುವುದು ಒಂದೇ ಅಲ್ಲ. ಮಾತ್ರೆಯಿಂದ ಮುಂದೆ ಮಕ್ಕಳಾಗುವುದಿಲ್ಲ ಅನ್ನುವ ಮಾತಂತೂ ಸುಳ್ಳು. ಬಿಟ್ಟ ಮೇಲೆ ಮುಟ್ಟು ತಡವಾದರೆ ಅದು ಮೊದಲೇ ಇದ್ದ ಪಿಸಿಓಎಸ್‌ನ ಕೆಲಸವೇ ಆಗಿರುವುದು ಹೆಚ್ಚು.

ನಿಜವಾದ ಅಪಾಯ ಬೇರೆ ಇದೆ, ಅದರ ಬಗ್ಗೆ ಮಾತು ಕಡಿಮೆ. ಅದು ರಕ್ತ ಹೆಪ್ಪುಗಟ್ಟುವುದು. ಮಾತ್ರೆ ತಗೊಳ್ಳದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಮಾತ್ರೆ ತಗೊಳ್ಳುವವರಲ್ಲಿ, ಯಾವ ಬಗೆಯ ಮಾತ್ರೆ ಅನ್ನುವುದರ ಮೇಲೆ, ಅದು 5ರಿಂದ 12ಕ್ಕೆ ಏರುತ್ತದೆ. ಸಂಖ್ಯೆ ಸಣ್ಣದೇ, ಗರ್ಭಿಣಿಯರಲ್ಲಿ ಇರುವ ಅಪಾಯ ಇದಕ್ಕಿಂತ ದೊಡ್ಡದು. ಆದರೆ ಮೊದಲೇ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್ ಇರುವವರು, 35 ದಾಟಿ ಸಿಗರೇಟು ಸೇದುವವರು, ಬಿಪಿ ಹತೋಟಿಯಲ್ಲಿಲ್ಲದವರು ಇದನ್ನು ತಗೊಳ್ಳಬಾರದು. ಪಿಸಿಓಎಸ್‌ಗೆ ಅಂತಲೇ ‘ಸ್ಪೆಷಲ್’ ಮಾತ್ರೆ ಅಂತ ಸೈಪ್ರೊಟೆರೋನ್ ಇರುವ ಜಾಸ್ತಿ ಡೋಸಿನ ಮಾತ್ರೆಯನ್ನು ಮೊದಲಿಗೇ ಕೊಡುವ ರೂಢಿ ಇತ್ತು. ಹೆಪ್ಪುಗಟ್ಟುವ ಅಪಾಯ ನೋಡಿ ಮಾರ್ಗಸೂಚಿ ಅದನ್ನು ಮೊದಲ ಆಯ್ಕೆಯಾಗಿ ಬೇಡ ಅನ್ನುತ್ತದೆ. ಸಾಮಾನ್ಯ, ಕಡಿಮೆ ಡೋಸಿನ ಮಾತ್ರೆಗಳೇ ಸಾಕು.

ಇಷ್ಟವಿರಲಿ ಇಲ್ಲದಿರಲಿ, ಎರಡು ಕೆಲಸ

ಪಿಸಿಓಎಸ್ ಚಿಕಿತ್ಸೆಯಲ್ಲಿ ಬಹಳಷ್ಟು ನಿಮ್ಮ ಆಯ್ಕೆಗೆ ಬಿಟ್ಟದ್ದು. ಮುಖದ ಕೂದಲು ನಿಮಗೆ ಕಾಟವಲ್ಲ ಅಂದರೆ ಅದಕ್ಕೆ ಮದ್ದು ಬೇಕಿಲ್ಲ. ಆದರೆ ಎರಡು ವಿಷಯ ಹಾಗಲ್ಲ, ಯಾಕೆಂದರೆ ಅವು ಸದ್ದು ಮಾಡದೆ ಬೆಳೆಯುತ್ತವೆ.

ಮೊದಲನೆಯದು ಗರ್ಭಕೋಶದ ಒಳಪದರ. ಅಂಡಾಣು ಬಿಡುಗಡೆಯಾಗದಿದ್ದರೆ, ಪದರವನ್ನು ಹತೋಟಿಯಲ್ಲಿಡುವ ಪ್ರೊಜೆಸ್ಟಿರೋನ್ ಹಾರ್ಮೋನು ಬರುವುದಿಲ್ಲ. ಆದರೆ ಈಸ್ಟ್ರೋಜನ್ ತನ್ನ ಪಾಡಿಗೆ ಪದರವನ್ನು ಬೆಳೆಸುತ್ತಲೇ ಇರುತ್ತದೆ. ಉದುರಿಸುವವರಿಲ್ಲದೆ ಅದು ದಪ್ಪವಾಗುತ್ತಾ ಹೋಗಿ, ಕೆಲವರಲ್ಲಿ ವರ್ಷಗಳ ನಂತರ ಕ್ಯಾನ್ಸರ್ ಕಡೆಗೆ ತಿರುಗಬಹುದು. ಪಿಸಿಓಎಸ್ ಇರುವವರಲ್ಲಿ ಈ ಕ್ಯಾನ್ಸರಿನ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಒಟ್ಟಾರೆ ನೋಡಿದರೆ ಅದು ಅಪರೂಪವೇ, ಹಾಗಾಗಿ ಹೆದರುವ ಅಗತ್ಯವಿಲ್ಲ. ಆದರೆ ‘ಮುಟ್ಟು ಬರದಿದ್ದರೆ ಆರಾಮ’ ಅಂತ ಐದಾರು ತಿಂಗಳು ಸುಮ್ನೆ ಇರುವಂತೆಯೂ ಇಲ್ಲ. 90 ದಿನ ದಾಟಿದರೆ ಡಾಕ್ಟರಿಗೆ ಹೇಳಬೇಕು. ಗರ್ಭಿಣಿಯಲ್ಲ ಅಂತ ಖಚಿತಪಡಿಸಿಕೊಂಡು ಕೆಲವು ದಿನ ಪ್ರೊಜೆಸ್ಟೋಜನ್ ಮಾತ್ರೆ ಕೊಟ್ಟು ಮುಟ್ಟು ಬರಿಸುತ್ತಾರೆ. ದಿನನಿತ್ಯದ ಮಾತ್ರೆ ಬೇಡವೇ ಬೇಡ ಅನ್ನುವವರಿಗೆ ಇದೊಂದು ನಡುದಾರಿ. ಗರ್ಭಕೋಶದೊಳಗೆ ಕೂರಿಸುವ, ಹಾರ್ಮೋನ್ ಇರುವ ಕಾಪರ್‌ರಹಿತ ಸಾಧನ (ಐಯುಡಿ) ಇನ್ನೊಂದು. ಅದು ಹಾಕಿಸಿಕೊಂಡವರಿಗೆ ಮುಟ್ಟು ಬಾರದಿದ್ದರೂ ಪದರ ತೆಳ್ಳಗೇ ಇರುತ್ತದೆ. ಅದು ಬೇರೆ ಲೆಕ್ಕ.

ಎರಡನೆಯದು ಸಕ್ಕರೆ. ಪಿಸಿಓಎಸ್ ಇರುವವರಿಗೆ ಟೈಪ್ 2 ಡಯಾಬಿಟಿಸ್ ಬರುವ ಸಾಧ್ಯತೆ ಜಾಸ್ತಿ. ಪಿಸಿಓಎಸ್ ಅಂತ ಗೊತ್ತಾದಾಗಲೇ ಒಂದು ಸಲ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ತೆಳ್ಳಗಿದ್ದರೂ ಅಷ್ಟೇ. ಖಾಲಿ ಹೊಟ್ಟೆಯ ಸಕ್ಕರೆ ಒಂದನ್ನೇ ನೋಡಿದರೆ ಕೆಲವರ ತೊಂದರೆ ಕಣ್ಣಿಗೆ ಬೀಳುವುದಿಲ್ಲ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಮೇಲೆ ನೋಡುವ ಪರೀಕ್ಷೆಯೇ ಹೆಚ್ಚು ನಂಬಿಕಸ್ತ. ಪ್ಯಾಕೇಜುಗಳಲ್ಲಿ ಸೇರಿಸಿಕೊಡುವ ‘ಫಾಸ್ಟಿಂಗ್ ಇನ್ಸುಲಿನ್’ ಪರೀಕ್ಷೆ ದಿನನಿತ್ಯದ ಚಿಕಿತ್ಸೆಗೆ ಅಗತ್ಯವಿಲ್ಲ ಅಂತ ಮಾರ್ಗಸೂಚಿಯೇ ಹೇಳುತ್ತದೆ. ಸಕ್ಕರೆ ಪರೀಕ್ಷೆಯ ಜೊತೆಗೆ ಬಿಪಿ, ಕೊಲೆಸ್ಟ್ರಾಲ್ ಕೂಡ ನೋಡಿಸಿದರೆ ಆಯಿತು.

ಮೆಟ್‌ಫಾರ್ಮಿನ್ ಯಾರಿಗೆ?

ಶುಗರ್ ಇಲ್ಲದಿದ್ದರೂ ಶುಗರ್ ಮಾತ್ರೆ ಯಾಕೆ ಅಂತ ಕೇಳುವವರು ಬಹಳ. ಚಕ್ರದ ಮೊದಲ ಹಲ್ಲು ಇನ್ಸುಲಿನ್ ಅಲ್ವಾ, ಮೆಟ್‌ಫಾರ್ಮಿನ್ ಕೈಹಾಕುವುದು ಅಲ್ಲಿಗೆ. ತೂಕ ಜಾಸ್ತಿ ಇರುವವರಲ್ಲಿ, ಸಕ್ಕರೆ ಗಡಿಯಲ್ಲಿರುವವರಲ್ಲಿ ಅದರ ಲಾಭ ಹೆಚ್ಚು. ಮುಟ್ಟನ್ನೂ ಸ್ವಲ್ಪ ಸರಿದೂಗಿಸುತ್ತದೆ. ಆದರೆ ಮುಖದ ಕೂದಲಿಗೆ, ಮುಟ್ಟಿನ ಕ್ರಮಕ್ಕೆ ಗರ್ಭನಿರೋಧಕ ಮಾತ್ರೆಯೇ ಮೇಲು. ಸಕ್ಕರೆ, ಚಯಾಪಚಯಕ್ಕೆ ಮೆಟ್‌ಫಾರ್ಮಿನ್ ಮೇಲು. ಮೊದಲು ಹೇಳಿದ ಇಬ್ಬರು ಡಾಕ್ಟರ ಭಿನ್ನಾಭಿಪ್ರಾಯ ಇಷ್ಟೇ.

ಹೊಟ್ಟೆ ತೊಳಸುವುದು, ಭೇದಿ ಇದರ ಹೆಸರಾಂತ ಕಾಟ. ಕಡಿಮೆ ಡೋಸಿನಿಂದ ಶುರುಮಾಡಿ ವಾರಕ್ಕಿಷ್ಟು ಅಂತ ಏರಿಸುತ್ತಾ, ಊಟದ ಜೊತೆ ತಗೊಂಡರೆ ಹೆಚ್ಚಿನವರಿಗೆ ಒಗ್ಗುತ್ತದೆ. ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯಬಹುದು, ನೋಡಿಸಿಕೊಳ್ಳಬೇಕು. ಎರಡು ದಿನ ಹೊಟ್ಟೆ ಕೆಟ್ಟಿತು ಅಂತ ಬಿಟ್ಟವರಲ್ಲಿ ಎಷ್ಟೋ ಮಂದಿಗೆ ಡೋಸ್ ಏರಿಸಿದ ವೇಗವೇ ಸಮಸ್ಯೆ ಆಗಿರುತ್ತದೆ.

ತೂಕದ ಮಾತು, ಇಂಜೆಕ್ಷನ್ನಿನ ಮಾತು

‘ಮೊದಲು ತೂಕ ಇಳಿಸಿ’ ಅನ್ನುವುದು ಸುಲಭ. ಆದರೆ ಆಂಡ್ರೋಜನ್, ಇನ್ಸುಲಿನ್ ಎರಡೂ ತೂಕ ಏರಿಸುವ ಕಡೆಗೆ ಎಳೆಯುತ್ತಿರುವಾಗ ಅದು ಬರೀ ಮನಸ್ಸು ಮಾಡುವ ವಿಷಯವಲ್ಲ. ತೂಕ ಜಾಸ್ತಿ ಇರುವವರು ಶೇಕಡಾ 5ರಿಂದ 10 ಇಳಿಸಿದರೂ, ಅಂದರೆ 80 ಕಿಲೋ ಇದ್ದವರು ನಾಲ್ಕರಿಂದ ಎಂಟು ಕಿಲೋ ಇಳಿಸಿದರೂ, ಮುಟ್ಟು ಮತ್ತು ಸಕ್ಕರೆ ಎರಡೂ ಸುಧಾರಿಸಬಹುದು. ‘ಆದರ್ಶ ತೂಕ’ ತಲುಪುವವರೆಗೆ ಕಾಯಬೇಕಿಲ್ಲ. ಯಾವ ಡಯಟ್? ಪಿಸಿಓಎಸ್‌ಗೆ ಒಂದು ಆಹಾರಕ್ರಮ ಇನ್ನೊಂದಕ್ಕಿಂತ ಮೇಲು ಅನ್ನಲು ಪುರಾವೆ ಇಲ್ಲ ಅಂತ 2023ರ ಮಾರ್ಗಸೂಚಿ ಹೇಳಿದೆ. ನಿಮ್ಮಿಂದ ವರ್ಷಗಟ್ಟಲೆ ನಡೆಸಿಕೊಂಡು ಹೋಗಲು ಆಗುವುದೇ ಒಳ್ಳೆಯ ಡಯಟ್. ವ್ಯಾಯಾಮ ವಾರಕ್ಕೆ 150 ನಿಮಿಷದಿಂದ ಶುರು. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಲಾಭವಿದೆ, ಯಾಕೆಂದರೆ ದುಡಿದ ಸ್ನಾಯು ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತದೆ.

ಇಲ್ಲೊಂದು ಎಚ್ಚರಿಕೆ. ತೆಳ್ಳಗಿರುವವರಿಗೂ ‘ತೂಕ ಇಳಿಸಿ’ ಅನ್ನುವುದು, ದಪ್ಪಗಿರುವವರಿಗೆ ‘ತೂಕ ಇಳಿಸುವವರೆಗೆ ಮದ್ದಿಲ್ಲ’ ಅನ್ನುವುದು ಎರಡೂ ಸರಿಯಲ್ಲ. ಪಿಸಿಓಎಸ್ ಇರುವವರಲ್ಲಿ ತಿನ್ನುವುದಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆಗಳೂ ಹೆಚ್ಚು. ಅವಮಾನ ಮಾಡಿ ಕಳಿಸಿದರೆ ಅದು ಉಲ್ಬಣಿಸುತ್ತದೆಯೇ ಹೊರತು ತೂಕ ಇಳಿಯುವುದಿಲ್ಲ.

ಇನ್ನು ಸುದ್ದಿಯಲ್ಲಿರುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳು. ಇವು ತೂಕವನ್ನು ಚೆನ್ನಾಗಿಯೇ ಇಳಿಸುತ್ತವೆ. ತೂಕ ಇಳಿದಾಗ ಚಕ್ರ ಸಡಿಲವಾಗಿ ಕೆಲವರಿಗೆ ಮುಟ್ಟು ಮರಳುತ್ತದೆ. ಆದರೆ ಇವು ತೂಕದ ಮದ್ದು, ಪಿಸಿಓಎಸ್‌ಗೆ ಅಂತ ಬಂದ ಮದ್ದಲ್ಲ. ನಿಲ್ಲಿಸಿದರೆ ಇಳಿದ ತೂಕದಲ್ಲಿ ಬಹುಪಾಲು ಮರಳುವ ಸಾಧ್ಯತೆ ಇದೆ. ಎಲ್ಲಕ್ಕಿಂತ ಮುಖ್ಯ, ಇವನ್ನು ತಗೊಳ್ಳುವಾಗ ಗರ್ಭ ನಿಲ್ಲಬಾರದು. ಸೆಮಾಗ್ಲುಟೈಡ್ ಆದರೆ ಮಗುವಿಗೆ ಪ್ರಯತ್ನಿಸುವ ಎರಡು ತಿಂಗಳ ಮುಂಚೆಯಾದರೂ ನಿಲ್ಲಿಸಬೇಕು. ಅಪಾಯ ಇರುವುದು ಹೀಗೆ: ವರ್ಷಗಳಿಂದ ಮುಟ್ಟು ಸರಿ ಇಲ್ಲದವರು ‘ನನಗೆ ಗರ್ಭ ನಿಲ್ಲುವುದಿಲ್ಲ’ ಅಂದುಕೊಂಡಿರುತ್ತಾರೆ. ತೂಕ ಇಳಿದು ಅಂಡಾಣು ಬಿಡುಗಡೆ ಸದ್ದಿಲ್ಲದೆ ಶುರುವಾಗುತ್ತದೆ. ಮುಟ್ಟು ತಡವಾದರೂ ಅದು ಮಾಮೂಲಿ ಅಂದುಕೊಳ್ಳುತ್ತಾರೆ. ಇದರ ಮೇಲೆ ಟಿರ್ಜೆಪಟೈಡ್, ಶುರುಮಾಡಿದಾಗ ಮತ್ತು ಡೋಸ್ ಏರಿಸಿದಾಗ ನಾಲ್ಕು ವಾರ ಗರ್ಭನಿರೋಧಕ ಮಾತ್ರೆಯ ಬಲವನ್ನೇ ಕುಗ್ಗಿಸಬಹುದು. ಆ ದಿನಗಳಲ್ಲಿ ಕಾಂಡೋಮ್ ಕೂಡ ಬೇಕು.

ಕೂದಲಿಗೆ ಆತುರವಿಲ್ಲ

ಮುಖದ ಕೂದಲಿನ ಚಿಕಿತ್ಸೆಯಲ್ಲಿ ಜನ ಸೋಲುವುದು ತಾಳ್ಮೆಯಲ್ಲಿ. ಕೂದಲಿನ ಬೆಳವಣಿಗೆ ನಿಧಾನ, ಹಾಗಾಗಿ ಗರ್ಭನಿರೋಧಕ ಮಾತ್ರೆಯ ಫಲ ಕಾಣಲು ಆರು ತಿಂಗಳಾದರೂ ಬೇಕು. ಅಷ್ಟರಲ್ಲೂ ಸಾಲದಿದ್ದರೆ ಸ್ಪೈರೊನೊಲ್ಯಾಕ್ಟೋನ್‌ನಂಥ ಆಂಡ್ರೋಜನ್ ತಡೆಯುವ ಮದ್ದು ಸೇರಿಸುತ್ತಾರೆ. ಇದನ್ನು ತಗೊಳ್ಳುವಾಗ ಗರ್ಭ ನಿಂತರೆ ಗಂಡು ಭ್ರೂಣದ ಬೆಳವಣಿಗೆಗೆ ತೊಂದರೆಯಾಗಬಹುದು, ಹಾಗಾಗಿ ಗರ್ಭನಿರೋಧಕ ಕಡ್ಡಾಯ. ಆಗಲೇ ದಪ್ಪಗಾಗಿರುವ ಕೂದಲನ್ನು ಯಾವ ಮಾತ್ರೆಯೂ ಪೂರ್ತಿ ಅಳಿಸುವುದಿಲ್ಲ. ಅದಕ್ಕೆ ಲೇಸರ್, ಥ್ರೆಡ್ಡಿಂಗ್, ಶೇವಿಂಗ್ ಏನಾದರೂ ಸರಿ. ಶೇವ್ ಮಾಡಿದರೆ ಕೂದಲು ದಪ್ಪಗೆ ಬರುತ್ತದೆ ಅನ್ನುವುದು ಬರೀ ನಂಬಿಕೆ.

ಮಗು ಬೇಕಾದಾಗ

ಪಿಸಿಓಎಸ್ ಅಂದಕೂಡಲೇ ಮಕ್ಕಳಾಗುವುದಿಲ್ಲ ಅನ್ನುವ ಭಯ. ತಡವಾಗಬಹುದು, ಸಹಾಯ ಬೇಕಾಗಬಹುದು, ಆದರೆ ಹೆಚ್ಚಿನವರಿಗೆ ಮಕ್ಕಳಾಗುತ್ತವೆ. ಇಲ್ಲಿ ಇರುವ ಮುಖ್ಯ ತಡೆ, ಅಂಡಾಣು ಹೊತ್ತಿಗೆ ಸರಿಯಾಗಿ ಬಿಡುಗಡೆಯಾಗದಿರುವುದು. ಬಂಜೆತನದ ಕಾರಣಗಳಲ್ಲಿ ಸರಿಪಡಿಸಲು ಸುಲಭವಾದವುಗಳಲ್ಲಿ ಇದೂ ಒಂದು.

ಬಹಳ ಕಾಲ ಇದಕ್ಕೆ ಕ್ಲೋಮಿಫೀನ್ ಮೊದಲ ಮದ್ದಾಗಿತ್ತು. 2014ರಲ್ಲಿ ಪ್ರಕಟವಾದ, 750 ಮಹಿಳೆಯರ ಮೇಲೆ ನಡೆದ ಅಮೆರಿಕದ ಪ್ರಯೋಗ ಅದನ್ನು ಬದಲಾಯಿಸಿತು. ಲೆಟ್ರೊಜೋಲ್ ಎಂಬ ಇನ್ನೊಂದು ಮಾತ್ರೆ ತಗೊಂಡವರಲ್ಲಿ ಶೇಕಡಾ 27.5 ಮಂದಿಗೆ, ಕ್ಲೋಮಿಫೀನ್ ತಗೊಂಡವರಲ್ಲಿ ಶೇಕಡಾ 19.1 ಮಂದಿಗೆ ಮಗುವಾಯಿತು. ಈಗ ಲೆಟ್ರೊಜೋಲ್ ಮೊದಲ ಆಯ್ಕೆ. ಗೊಂದಲ ಏನೆಂದರೆ, ಪೊಟ್ಟಣದೊಳಗಿನ ಚೀಟಿ ತೆಗೆದು ಓದಿದರೆ ಅದು ಸ್ತನ ಕ್ಯಾನ್ಸರಿನ ಮದ್ದು! ಓದಿದವರು ಗಾಬರಿಯಾಗುವುದು ಸಹಜ. ಲೆಟ್ರೊಜೋಲ್ ಈಸ್ಟ್ರೋಜನ್ ತಯಾರಿಕೆಯನ್ನು ಕೆಲದಿನ ತಗ್ಗಿಸಿದರೆ ಮೆದುಳು ಎಚ್ಚೆತ್ತು ಅಂಡಾಶಯಕ್ಕೆ ಹೆಚ್ಚು ಸಂದೇಶ ಕಳಿಸುತ್ತದೆ, ಆಗ ಫಾಲಿಕಲ್ ಬೆಳೆಯುತ್ತದೆ. ಅದಕ್ಕೆ ಐದು ದಿನದ ಮಾತ್ರೆ ಸಾಕು. ಮಗುವಿಗೆ ತೊಂದರೆಯಾಗುತ್ತದೆಯೇ ಅನ್ನುವ ಅನುಮಾನ 2005ರ ಸುಮಾರಿಗೆ ಎದ್ದಿತ್ತು. ನಂತರ ನಡೆದ ದೊಡ್ಡ ಹೋಲಿಕೆಗಳಲ್ಲಿ ಕ್ಲೋಮಿಫೀನ್‌ಗಿಂತ ಹೆಚ್ಚಿನ ಅಪಾಯ ಕಂಡಿಲ್ಲ.

ಮಾತ್ರೆಗೆ ಬಗ್ಗದಿದ್ದರೆ ಹಾರ್ಮೋನ್ ಇಂಜೆಕ್ಷನ್ ಅಥವಾ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದ ಮೂಲಕ ಅಂಡಾಶಯಕ್ಕೆ ಮಾಡುವ ಶಸ್ತ್ರಚಿಕಿತ್ಸೆ), ಅದೂ ಆಗದಿದ್ದರೆ ಐವಿಎಫ್ (ಪ್ರನಾಳ ಶಿಶು ವಿಧಾನ). ಮೊದಲ ಭೇಟಿಯಲ್ಲೇ ಐವಿಎಫ್ ಅಂದರೆ, ಬೇರೆ ಕಾರಣ ಏನಿದೆ ಅಂತ ಕೇಳಿ. ಗಂಡನ ವೀರ್ಯ ಪರೀಕ್ಷೆ ಆಗಿದೆಯೇ ಅನ್ನುವುದನ್ನೂ ಕೇಳಿ. ಎಲ್ಲ ತಪ್ಪನ್ನೂ ಪಿಸಿಓಎಸ್ ತಲೆಗೆ ಕಟ್ಟಿ ಅದನ್ನು ಮಾಡಿಸದೇ ಇರುವುದುಂಟು. ಗರ್ಭ ನಿಲ್ಲುವ ಮುಂಚೆಯೇ ಸಕ್ಕರೆ, ಬಿಪಿ ನೋಡಿಸಿಕೊಳ್ಳಬೇಕು, ಬಸಿರಿನಲ್ಲಿ ಇವೆರಡೂ ಏರುವ ಸಾಧ್ಯತೆ ಇವರಿಗೆ ಜಾಸ್ತಿ.

ಪುಡಿ, ಸ್ಯಾಶೆ, ಸಪ್ಲಿಮೆಂಟು

ಇನೋಸಿಟಾಲ್ ಎಂಬ ಸಪ್ಲಿಮೆಂಟ್ ಬಗ್ಗೆ ಕೇಳದವರಿಲ್ಲ. ಹಾನಿ ಕಡಿಮೆ, ಕೆಲವರಿಗೆ ಚಯಾಪಚಯದಲ್ಲಿ ಸ್ವಲ್ಪ ಲಾಭ ಇರಬಹುದು. ಆದರೆ ಅಂಡಾಣು ಬಿಡುಗಡೆ, ಕೂದಲು, ತೂಕಕ್ಕೆ ಅದರಿಂದ ಆಗುವ ಲಾಭಕ್ಕೆ ಪುರಾವೆ ತೆಳು. ತಗೊಳ್ಳಬೇಕು ಅನ್ನಿಸಿದರೆ ತಗೊಳ್ಳಿ, ಮೆಟ್‌ಫಾರ್ಮಿನ್ ಅಥವಾ ಪ್ರೊಜೆಸ್ಟೋಜನ್ ಬಿಟ್ಟು ಅದರ ಜಾಗಕ್ಕೆ ಇದನ್ನು ಕೂರಿಸಬೇಡಿ.

ಡಾಕ್ಟರ ಎದುರು ಕೂತಾಗ

ಹತ್ತು ನಿಮಿಷ ಸಿಕ್ಕರೆ ಅದೇ ಹೆಚ್ಚು. ಹಾಗಾಗಿ ‘ಪಿಸಿಓಎಸ್‌ಗೆ ಏನು ಮದ್ದು’ ಅಂತ ಕೇಳುವ ಬದಲು, ಈಗ ನನ್ನನ್ನು ಕಾಡುತ್ತಿರುವುದು ಇದು ಅಂತ ಒಂದನ್ನು ಹೇಳಿ. ಮುಟ್ಟೋ, ಮೊಡವೆಯೋ, ತೂಕವೋ, ಮುಂದಿನ ವರ್ಷ ಮಗು ಬೇಕು ಅನ್ನುವುದೋ. ಮಗು ಯಾವಾಗ ಬೇಕು ಅನ್ನುವುದನ್ನಂತೂ ಮೊದಲೇ ಹೇಳಬೇಕು, ಯಾಕೆಂದರೆ ಮೇಲೆ ಹೇಳಿದ ಅರ್ಧ ಮದ್ದುಗಳು ಆ ಒಂದು ಉತ್ತರದ ಮೇಲೆಯೇ ಬೇಡ ಅಂತಾಗುತ್ತವೆ. ಕಳೆದ ಒಂದು ವರ್ಷದ ಮುಟ್ಟಿನ ತಾರೀಕುಗಳನ್ನು ಬರೆದುಕೊಂಡು ಹೋದರೆ ಹತ್ತು ಹಾರ್ಮೋನ್ ಪರೀಕ್ಷೆಗಿಂತ ಹೆಚ್ಚು ಉಪಯೋಗ.

ಮನಸ್ಸು ಕುಗ್ಗಿದ್ದರೆ ಅದನ್ನೂ ಹೇಳಿ. ಖಿನ್ನತೆ, ಆತಂಕ ಎರಡೂ ಪಿಸಿಓಎಸ್ ಇರುವವರಲ್ಲಿ ಹೆಚ್ಚು. ಅದನ್ನು ಕೇಳಿ ತಿಳಿದುಕೊಳ್ಳುವುದು ಚಿಕಿತ್ಸೆಯ ಭಾಗ ಅಂತ ಮಾರ್ಗಸೂಚಿಯಲ್ಲೇ ಬರೆದಿದ್ದರೂ, ಕೇಳುವವರು ಕಡಿಮೆ.

ಇವತ್ತು ಮಾಡಿದ ಆಯ್ಕೆ ಕೊನೆಯವರೆಗಿನದಲ್ಲ ಅನ್ನುವುದೂ ಗೊತ್ತಿರಲಿ. ಇಪ್ಪತ್ತರಲ್ಲಿ ಮೊಡವೆಗೆ ಮಾತ್ರೆ, ಮೂವತ್ತರಲ್ಲಿ ಅದನ್ನು ಬಿಟ್ಟು ಲೆಟ್ರೊಜೋಲ್, ಆಮೇಲೆ ಮೆಟ್‌ಫಾರ್ಮಿನ್ ಮತ್ತು ವ್ಯಾಯಾಮ, ಹೀಗೆ ಒಬ್ಬರದೇ ಚಿಕಿತ್ಸೆ ಮೂರು ಸಲ ಬದಲಾಗಬಹುದು. ನಲವತ್ತರ ಹೊತ್ತಿಗೆ ಹಲವರ ಮುಟ್ಟು ತಾನಾಗಿಯೇ ಸರಿಹೋಗುತ್ತದೆ. ಆಗ ಪಿಸಿಓಎಸ್ ಹೋಯಿತು ಅಂದುಕೊಂಡು ಡಾಕ್ಟರ ಕಡೆ ತಲೆಹಾಕುವುದನ್ನೇ ಬಿಡುತ್ತಾರೆ. ಆದರೆ ಇನ್ಸುಲಿನ್ ತೊಂದರೆ ಅಲ್ಲೇ ಉಳಿದಿರುತ್ತದೆ. ಡಯಾಬಿಟಿಸ್ ಬರುವ ಸಾಧ್ಯತೆ ವಯಸ್ಸಾದಂತೆ ಏರುವುದೂ ಆಗಲೇ. ಸಕ್ಕರೆ ಪರೀಕ್ಷೆಯ ಆ ಒಂದರಿಂದ ಮೂರು ವರ್ಷದ ಲೆಕ್ಕ, ಮುಟ್ಟು ನಿಂತ ಮೇಲೂ ನಡೆಯುತ್ತಲೇ ಇರಬೇಕು.